ಗೆರೆಯಿಲ್ಲದ ತ್ರಿಭುಜ

ಇಪ್ಪತ್ತೆರಡನೆಯ ಹುಡುಗನ ಸಾಲಿಗೆ ಬರುವಷ್ಟರಲ್ಲಿ ನಿಬ್ಬು ಮೊಂಡಾಗಿ ಅಕ್ಷರ ದಪ್ಪಗಾಗತೊಡಗಿತ್ತು. ಅವಳು ಅದನ್ನು ಕಿತ್ತು, ಉಟ್ಟ ಬಟ್ಟೆಗೇ ಒರೆಸಲು ಹೋಗಿ, ಸದ್ಯ ನೆನಪಾಗಿ ಮೇಜಿನ ಕಾಲಿಗೆ ಕಟ್ಟಿದ್ದ ಚಿಂದಿಗೆ ಒರೆಸಿದಳು. ಹೊಸ ನಿಬ್ಬನ್ನು ನಾಲಿಗೆಯ ತುದಿಗೆ ತಾಗಿಸಿ ಹಿಡಿಕೆಗೆ ಸಿಕ್ಕಿಸಿದಳು. ಎಂಜಲು ತಾಗಿಸದಿದ್ದರೆ ಹೊಸ ನಿಬ್ಬಿನಲ್ಲಿ ಮಸಿ ನಿಲ್ಲುವುದಿಲ್ಲ, ಜಾರಿ ಹನಿಯಾಗಿ ಬೀಳುತ್ತದೆ. ಹನಿ ಬಿದ್ದರೆ ಹಾಳೆ ಹೋಯಿತು.

ಆ ಶಾಲೆಯಲ್ಲಿ ಪ್ರಗತಿ ಪತ್ರದ ಕಟ್ಟುನಿಟ್ಟು ಅಂಥದು. ಗಂಡುಹುಡುಗರ ಶಾಲೆ, ಕಟ್ಟಿಸಿದವರು ಸಮುದ್ರದಾಚೆಯಿಂದ ಬಂದು ಆಳುತ್ತಿದ್ದ ದೊರೆಗಳು, ಹೆಡ್‌ಮಾಸ್ಟರೂ ಅವರವರೇ. ಅರ್ಧ ವರ್ಷಕ್ಕೊಮ್ಮೆ ತರಗತಿಯ ಅಷ್ಟೂ ಹುಡುಗರ ಅಂಕ, ದರ್ಜೆ, ಅವರ ಬಗ್ಗೆ ಮೇಷ್ಟರ ಒಂದು ಸಾಲಿನ ಮಾತು, ಎಲ್ಲವನ್ನೂ ಒಂದೇ ದೊಡ್ಡ ಹಾಳೆಯಲ್ಲಿ, ಒಂದೇ ಕೈಬರಹದಲ್ಲಿ, ಚಿತ್ತಿಲ್ಲದೆ ಬರೆದು ಒಪ್ಪಿಸಬೇಕು. ತಿದ್ದುವಂತಿಲ್ಲ, ಕೆರೆಯುವಂತಿಲ್ಲ. ತಪ್ಪಾದರೆ ಹೊಸ ಹಾಳೆ, ಮತ್ತೆ ಮೊದಲನೇ ಹುಡುಗನಿಂದ ಶುರು. ಈ ಸಲ ಆಗಲೇ ಎರಡು ಹಾಳೆ ಒಲೆ ಸೇರಿದ್ದವು. ಒಂದಕ್ಕೆ ನೊಣ ಕಾರಣ, ಇನ್ನೊಂದಕ್ಕೆ ಅತ್ತೆ.

"ನಾನು ಕೆಮ್ಮಲೂಬಾರದೇನಮ್ಮಾ ಈ ಮನೇಲಿ?" ಅತ್ತೆ ಮೂಲೆಯಲ್ಲಿ ಕೂತು ಕಾಳು ಬಿಡಿಸುತ್ತ ಗೊಣಗಿದರು. "ಸಂಬಳ ಅವನಿಗೆ, ಮಸಿ ನಿನ್ನ ಬೆರಳಿಗೆ. ನಿನ್ನ ಕೈಯಲ್ಲಿ ಊಟ ಮಾಡಿ ಮಾಡಿ ನನ್ನ ಹೊಟ್ಟೆ ಒಳಗೂ ನೀಲಿ ಆಗಿರಬೇಕು."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಅಮ್ಮ, ನೀನೂ ಅಕ್ಷರಸ್ಥೆ ಆದೆ" ಎಂದರು ಅವಳ ಗಂಡ, ಲೆಕ್ಕದ ಮೇಷ್ಟರು.

ಕೈ ಹಿಂದೆ ಕಟ್ಟಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಅವರು ನಡೆಯುತ್ತಿದ್ದರು. ಹೇಳುವವರು ಅವರು, ಬರೆಯುವವಳು ಅವಳು. ಎರಡು ವರ್ಷದಿಂದ ಹೀಗೆ ನಡೆದಿತ್ತು. ಅವರ ಕಣ್ಣಿಗೆ ದೂರದ ಮರ ಕಾಣುತ್ತಿತ್ತು, ಕಪ್ಪುಹಲಗೆಯ ಮೇಲಿನ ದಪ್ಪ ಅಕ್ಷರ ಕಾಣುತ್ತಿತ್ತು; ಕಾಗದದ ಮೇಲಿನ ಸಣ್ಣ ಅಕ್ಷರ ಮಾತ್ರ ಇರುವೆ ಸಾಲಿನ ಹಾಗೆ ಹರಿದಾಡುತ್ತಿತ್ತು. ಓದುವುದನ್ನು ಬಿಡದಿದ್ದರೆ ಇರುವ ಬೆಳಕೂ ಹೋದೀತು ಎಂದು ಡಾಕ್ಟರು ಹೆದರಿಸಿದ್ದರು. ಲೆಕ್ಕದ ಮೇಷ್ಟರಿಗೆ ಉತ್ತರ ಪತ್ರಿಕೆ ಓದಲು ಬಾರದು ಎಂದು ಗೊತ್ತಾದರೆ ಶಾಲೆಯಲ್ಲಿ ಎಷ್ಟು ದಿನ ಇಟ್ಟುಕೊಂಡಾರು? ಅದಕ್ಕೇ ಅವಳು ಓದುತ್ತಿದ್ದಳು, ಅವರು ಕೇಳಿ ಅಂಕ ಹಾಕುತ್ತಿದ್ದರು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಮದುವೆಯಾದವಳು ಅವಳು. ಮೊದಮೊದಲು ಪ್ರಮೇಯ ಎಂಬ ಮಾತನ್ನು ಅಕ್ಷರ ಅಕ್ಷರ ಬಿಡಿಸಿ ಓದಿದ್ದಳು. ಹೆಡ್‌ಮಾಸ್ಟರು ಪ್ರಗತಿ ಪತ್ರ ನೋಡಿ ಹೊಗಳಿದ ದಿನ ಮೇಷ್ಟರು ಮನೆಗೆ ಬಂದು, "ನನ್ನ ಕೈಬರಹ ಮುತ್ತಿನ ಹಾಗಿದೆಯಂತೆ ಕಣೇ, ಎರಡು ವರ್ಷದಿಂದ ಈಚೆಗೆ ಬಹಳ ಸುಧಾರಿಸಿದೆಯಂತೆ" ಎಂದು ಬಿದ್ದು ಬಿದ್ದು ನಕ್ಕಿದ್ದರು.

"ಎಲ್ಲಿಗೆ ಬಂದೆ?"

"ಸೊನ್ನೆಗಳ್ಳ" ಎಂದಳು.

ಹುಡುಗರಿಗೆ ಅವರು ಇಟ್ಟ ಹೆಸರುಗಳೆಲ್ಲ ಅವರವರ ತಪ್ಪಿನಿಂದ ಬಂದವು. ಗುಣಾಕಾರದಲ್ಲಿ ಎಲ್ಲಾದರೂ ಒಂದು ಸೊನ್ನೆ ನುಂಗುವವನು ಸೊನ್ನೆಗಳ್ಳ. ಎರಡು ಮೆಟ್ಟಿಲು ಬಿಟ್ಟು ಮೂರನೆಯದಕ್ಕೆ ನೆಗೆಯುವವನು ಕಪ್ಪೆ. ಪ್ರಶ್ನೆ ಪೂರ್ತಿ ಓದುವ ಮೊದಲೇ ಉತ್ತರ ಬರೆಯುವವನು ಅವಸರ. ಅವಳು ಹೆಸರು ಹೇಳದೆ ಪತ್ರಿಕೆ ಓದಿದರೂ ಮೂರನೇ ಸಾಲಿಗೆ ಅವರು, "ಇದು ಕಪ್ಪೇದು" ಎನ್ನುತ್ತಿದ್ದರು, ಅದು ಕಪ್ಪೆಯದೇ ಆಗಿರುತ್ತಿತ್ತು. ನಲವತ್ತೊಂದು ಹುಡುಗರ ತಲೆಯೊಳಗಿನ ಓಣಿಗಳು, ತಿರುವುಗಳು, ಎಲ್ಲಿ ಯಾರು ಎಡವುತ್ತಾರೆ ಎಂಬುದು ಅವರಿಗೆ ತಮ್ಮ ಮನೆಯ ಹೊಸಿಲಿನಷ್ಟೇ ಪರಿಚಯ. ವರ್ಷದ ಮೊದಲ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಪಾಸಾದವರು ಹದಿನೆಂಟು ಜನ, ಈಗ ಮೂವತ್ತಾರು. ಹೊಡೆದು ಕಲಿಸಿದ್ದಲ್ಲ. ಕಣ್ಣು ಕೈಕೊಟ್ಟ ಮೇಲೆ ಅವರು ಹುಡುಗರನ್ನೇ ಹಲಗೆಯ ಮುಂದೆ ನಿಲ್ಲಿಸಿ, "ನೀನು ಮಾಡಿದ್ದನ್ನ ನನಗೆ ಬಾಯಲ್ಲಿ ಹೇಳು, ನಾನು ದಡ್ಡ ಅಂತ ತಿಳ್ಕೊಂಡು ಹೇಳು" ಎನ್ನತೊಡಗಿದ್ದರು. ದಡ್ಡ ಮೇಷ್ಟರಿಗೆ ಹೇಳಿಕೊಡುವ ಹುರುಪಿನಲ್ಲಿ ಹುಡುಗರು ತಾವೇ ಕಲಿತುಬಿಟ್ಟಿದ್ದರು.

"ಸೊನ್ನೆಗಳ್ಳನಿಗೆ ಬರಿ: ಈ ಅರ್ಧ ವರ್ಷ ಒಂದೇ ಒಂದು ಸೊನ್ನೆ ಕಳೆದಿದ್ದಾನೆ, ಕೈ ಶುದ್ಧವಾಗುತ್ತಿದೆ."

"ರೀ, ಹಾಗೇ ಬರೆಯೋದಾ?"

"ದೊರೆಗೂ ಸ್ವಲ್ಪ ನಗು ಬರಲಿ ಬಿಡೇ."

ಅವಳು ಬರೆದಳು. ಆಮೇಲೆ ಕಪ್ಪೆಯ ಸಾಲು, ಐವತ್ತಕ್ಕೆ ನಲವತ್ತನಾಲ್ಕು. ಆಮೇಲೆ ಅವಸರ. ಇಪ್ಪತ್ತೈದನೆಯ ಸಾಲಿಗೆ ಬಂದಾಗ ಮೇಷ್ಟರು ನಡೆಯುವುದನ್ನು ನಿಲ್ಲಿಸಿದರು.

"ಈಗ ಸೂಜಿ."

ಸೂಜಿ ದರ್ಜಿಯ ಮಗ. ವರ್ಷದ ನಡುವೆ ಸೇರಿದವನು, ಸಣಕಲ, ಕೊನೆಯ ಬೆಂಚಿನವನು. ಸೇರಿದ ಮೇಲಿನ ಮೊದಲ ಪರೀಕ್ಷೆಯಲ್ಲಿ ಹನ್ನೊಂದು, ಆಮೇಲೆ ಹತ್ತೊಂಬತ್ತು, ಆಮೇಲೆ ಇಪ್ಪತ್ತೇಳು. ಈ ಸಲ ನಲವತ್ತಾರು. ಆ ನಲವತ್ತಾರನ್ನು ಮೊನ್ನೆ ಕೂಡಿಸಿದಾಗ ಅವಳಿಗೆ ತನ್ನ ಮಗನೇ ಗೆದ್ದು ಬಂದಷ್ಟು ಖುಷಿಯಾಗಿತ್ತು.

"ಬರಿ" ಎಂದರು ಮೇಷ್ಟರು, ದನಿ ತಗ್ಗಿಸಿ. "ನಕಲು."

ಅವಳ ಕೈ ನಿಂತಿತು. ಆ ಒಂದು ಮಾತಿಗೆ ಆ ಶಾಲೆಯಲ್ಲಿ ಏನು ಅರ್ಥ ಎಂದು ಅವಳಿಗೆ ಗೊತ್ತಿತ್ತು. ಹೆಡ್‌ಮಾಸ್ಟರು ವಿಚಾರಣೆ ಗಿಚಾರಣೆ ಮಾಡುವವರಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವರು, ಅಲ್ಲಿಗೆ ಆ ಹುಡುಗನ ಓದು ಮುಗಿಯಿತು.

"ಯಾಕ್ರೀ?"

"ತ್ರಿಭುಜದ ಎರಡು ಬದಿ ಸಮ ಇದ್ರೆ ತಳದ ಎರಡು ಕೋನಾನೂ ಸಮ, ಆ ಪ್ರಮೇಯ ನೀನೇ ಓದಿದೆಯಲ್ಲ. ಕಪ್ಪೆ, ಅವಸರ, ಸೂಜಿ. ಮೂರು ಜನರದ್ದೂ ಮಾತಿಗೆ ಮಾತು ಒಂದೇ. 'ಶೃಂಗದ ಕೋನವನ್ನು ಸಮನಾಗಿ ಭಾಗಿಸುವ ಗೆರೆಯೊಂದನ್ನು ಎಳೆಯೋಣ' ಅಂತ. ಎಳೆಯೋಣ ಅನ್ನೋ ಮಾತು ಸಹ ಒಂದೇ. ಪರೀಕ್ಷೇಲಿ ಸೂಜಿ ಕೂತಿದ್ದು ಅವರಿಬ್ಬರ ನಡುವೆ. ಅವರಿಗೆ ಮೊದಲಿಂದ ಬರುತ್ತೆ, ಇವನಿಗೆ ಬರ್ತಿರಲಿಲ್ಲ. ನೀನೇ ಹೇಳು, ಯಾರು ಯಾರದ್ದು ನೋಡಿರ್ತಾರೆ?" ಅವರ ಮುಖ ಬಾಡಿತ್ತು. "ನಾಲ್ಕು ದಿನದಿಂದ ನುಂಗ್ಕೊಂಡಿದೀನಿ. ಹುಡುಗ ಬಹಳ ಮುಂದೆ ಬಂದ ಅಂತ ನಾನೇ ಎಲ್ಲರ ಮುಂದೆ ಬೆನ್ನು ತಟ್ಟಿದ್ದೆ."

ಎಳೆಯೋಣ. ಆ ಮಾತು ಅವಳ ಕಿವಿಗೆ ಚುಚ್ಚಿತು. ಯಾಕೆಂದು ಆಗ ಹೊಳೆಯಲಿಲ್ಲ.

"ನಿಬ್ಬು ಸರಿಯಿಲ್ಲ" ಎಂದಳು. "ಹನಿ ಬಿದ್ರೆ ಮತ್ತೆ ಮೊದಲಿಂದ ಆಗುತ್ತೆ. ಶಾಲೆಯಿಂದ ಬನ್ನಿ, ಬರೀತೀನಿ."

"ನಾಲ್ಕು ಗಂಟೆಗೆ ಒಪ್ಪಿಸಬೇಕು, ನೆನಪಿರಲಿ." ಶನಿವಾರವಾದ್ದರಿಂದ ಶಾಲೆ ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ಮಾತ್ರ. ಮೇಷ್ಟರು ಕೋಟು ಹಾಕಿಕೊಂಡು ಹೊರಟರು. ಅವರಿದ್ದ ಮನೆ ಶಾಲೆಯ ಕಾಂಪೌಂಡಿನ ಮೂಲೆಯಲ್ಲೇ ಇತ್ತು. ಗಂಟೆ ಬಾರಿಸಿದ್ದು, ನಲವತ್ತೊಂದು ಜೊತೆ ಕಾಲು ಒಟ್ಟಿಗೆ ಎದ್ದು ನಿಂತ ಸದ್ದು, ಎಲ್ಲ ಕೇಳಿತು.

ಅವಳು ಹಾಳೆಯ ಮೇಲೆ ತಟ್ಟೆ ಮುಚ್ಚಿಟ್ಟು, ಪೆಟ್ಟಿಗೆಯಿಂದ ಉತ್ತರ ಪತ್ರಿಕೆಗಳ ಕಟ್ಟು ತೆಗೆದಳು. ಮೊದಲು ಕಪ್ಪೆಯದು. ಅವನು ಬರೆದದ್ದು ಹೀಗಿತ್ತು: "ಮೇಲಿನ ಕೋನ ಎರಡಾಗಿ ಸೀಳಿ. ಈಗ ಎರಡು ತ್ರಿಭುಜ. ಅವು ಸರ್ವಸಮ." ಅಷ್ಟೇ. ಅಲ್ಲಿ ಎಳೆಯೋಣ ಇರಲಿಲ್ಲ. ನಡುವಿನ ಗೆರೆ ಎರಡಕ್ಕೂ ಸೇರಿದ್ದು ಎಂದು ಹೇಳಬೇಕಾದ ಮೆಟ್ಟಿಲನ್ನು ಅವನು ಎಂದಿನಂತೆ ಹಾರಿದ್ದ. ಅವಸರದವನದು: "ಕೋನಾರ್ಧಕ ಹಾಕಿದರೆ ಸಾಕು, ಎಲ್ಲಾ ತಾನೇ ಬರುತ್ತದೆ," ಆಮೇಲೆ ನಾಲ್ಕು ಸಾಲು. ಅಲ್ಲೂ ಎಳೆಯೋಣ ಇರಲಿಲ್ಲ.

ಅವಳು ಲೆಕ್ಕದ ಪುಸ್ತಕ ತೆರೆದು ನೋಡಿದಳು.

ಎಳೆಯೋಣ ಇದ್ದದ್ದು ಪುಸ್ತಕದಲ್ಲಿ. ಅಲ್ಲಿಂದ ಅವಳ ನಾಲಿಗೆಗೆ ಬಂದಿತ್ತು. ಎರಡು ವರ್ಷದಲ್ಲಿ ಆ ಪ್ರಮೇಯವನ್ನು ಎಷ್ಟು ಹುಡುಗರ ಪತ್ರಿಕೆಯಲ್ಲಿ, ಎಷ್ಟು ಸಲ ಓದಿದ್ದಳೋ. ಈ ಪತ್ರಿಕೆಗಳನ್ನು ಓದಿದ ಸಂಜೆ ಒಲೆಯ ಮೇಲೆ ಹಾಲಿತ್ತು, ಅತ್ತೆ ಔಷಧಿ ಕೇಳುತ್ತಿದ್ದರು. ಕಣ್ಣು ಮೊದಲ ಮಾತನ್ನು ನೋಡಿದ್ದೇ ತಡ, ಉಳಿದದ್ದನ್ನು ಬಾಯಿ ತಾನೇ ಹೇಳಿ ಮುಗಿಸಿತ್ತು. ಕಪ್ಪೆ ಬಿಟ್ಟ ಮೆಟ್ಟಿಲನ್ನು ಅವಳು ಹಾಕಿದ್ದಳು. ಅವಸರದವನ ಒರಟು ಮಾತನ್ನು ಇಸ್ತ್ರಿ ಮಾಡಿದ್ದಳು. ಮೂರು ಪತ್ರಿಕೆ ಒಂದೇ ಆಗಿದ್ದು ಹುಡುಗರು ನೋಡಿ ಬರೆದದ್ದರಿಂದಲ್ಲ, ಓದಿದವಳು ಒಬ್ಬಳೇ ಆದ್ದರಿಂದ.

ಕೊನೆಗೆ ಸೂಜಿಯದನ್ನು ತೆಗೆದಳು. ಮೊದಲು ಕಣ್ಣಿಗೆ ಬಿದ್ದದ್ದು ಚಿತ್ರ. ತ್ರಿಭುಜವೊಂದೇ ಇತ್ತು. ತುದಿಯಲ್ಲಿ ಅ, ಕೆಳಗೆ ಎಡಕ್ಕೆ ಬ, ಬಲಕ್ಕೆ ಕ. ನಡುವೆ ಗೆರೆಯೇ ಇರಲಿಲ್ಲ.

"ಗೆರೆ ಬೇಡ" ಎಂದು ಬರೆದಿದ್ದ ಹುಡುಗ. "ಅಬಕ ಒಂದು ತ್ರಿಭುಜ. ಅಕಬ ಇನ್ನೊಂದು ತ್ರಿಭುಜ. ಇದರ ಅಬ ಅದರ ಅಕಗೆ ಸಮ. ಇದರ ಅಕ ಅದರ ಅಬಗೆ ಸಮ. ಅ ಕೋನ ಎರಡಕ್ಕೂ ಅದೇ. ಆದ್ದರಿಂದ ಸರ್ವಸಮ. ಆದ್ದರಿಂದ ಬ ಕೋನ ಕ ಕೋನಕ್ಕೆ ಸಮ."

ಆವತ್ತು ಇದನ್ನು ನೋಡಿದ ನೆನಪು ಅವಳಿಗೆ ಮಸುಕಾಗಿ ಬಂತು. ಅಬಕ, ಅಕಬ ಎಂದು ಒಂದೇ ತ್ರಿಭುಜವನ್ನು ಎರಡು ಸಲ ಬರೆದದ್ದು ಕಂಡು, ಪಾಪ, ಗಡಿಬಿಡಿಯಲ್ಲಿ ಅಕ್ಷರ ಹಿಂದುಮುಂದು ಮಾಡಿದ್ದಾನೆ ಎಂದುಕೊಂಡು ಕಣ್ಣು ಮುಂದೆ ಸರಿದಿತ್ತು. ಬಾಯಿ ಪುಸ್ತಕದ್ದನ್ನು ಹೇಳಿತ್ತು.

ಈಗಲೂ ಅವಳಿಗೆ ಅದು ತಪ್ಪೆಂದೇ ತೋರಿತು. ಒಂದೇ ತ್ರಿಭುಜ ತನಗೆ ತಾನೇ ಸಮ ಎಂದರೆ ಏನು ಹೇಳಿದಂತಾಯಿತು? ನಾನು ನನ್ನಷ್ಟೇ ಎತ್ತರ ಎಂದ ಹಾಗೆ. ಆದರೆ ಹುಡುಗ "ಗೆರೆ ಬೇಡ" ಎಂದು ಅಷ್ಟು ಖಚಿತವಾಗಿ ಬರೆದಿದ್ದ. ಗಡಿಬಿಡಿಯವನು ಹಾಗೆ ಬರೆಯುವುದಿಲ್ಲ.

ಹಾಳಾದ ಹಾಳೆಯಲ್ಲಿ ಸುಡದೆ ಉಳಿದಿದ್ದ ಒಂದು ತುಂಡನ್ನು ಒಲೆಯ ಪಕ್ಕದಿಂದ ಎತ್ತಿಕೊಂಡು, ಅತ್ತೆಯ ಕತ್ತರಿಯಿಂದ ತ್ರಿಭುಜವೊಂದನ್ನು ಕತ್ತರಿಸಿದಳು. ಎರಡು ಬದಿ ಸಮ ಇರುವಂತೆ ದಾರದಿಂದ ಅಳೆದು ಕತ್ತರಿಸಿದಳು. ಮೇಜಿನ ಮೇಲಿಟ್ಟು ಅದರ ಸುತ್ತ ಸೀಸದಕಡ್ಡಿ ಎಳೆದಳು. ಕಾಗದ ಎತ್ತಿದಳು. ಹಾಗೇ ಇಟ್ಟರೆ ಕೂರುತ್ತದೆ, ಅದರಲ್ಲೇನು ಹೆಚ್ಚು?

"ಏನಮ್ಮಾ, ಈ ವಯಸ್ಸಿಗೆ ಬೊಂಬೆ ಆಟಾನಾ?" ಎಂದರು ಅತ್ತೆ.

"ಹೂಂ ಅತ್ತೆ."

"ಕತ್ತರಿ ಮೊಂಡು ಮಾಡಿಟ್ಟೀಯ, ನೋಡು. ಆಮೇಲೆ ನನ್ನ ಉಗುರಿಗೆ ನಿನ್ನ ಗಂಡನ ನಿಬ್ಬು ತರ್ಬೇಕಾಗುತ್ತೆ."

ನಗುತ್ತಲೇ ಅವಳ ಬೆರಳು ಆ ಕಾಗದವನ್ನು ಮಗುಚಿತು. ಎಡ ಬಲಕ್ಕೆ ಹೋಯಿತು, ಬಲ ಎಡಕ್ಕೆ ಬಂತು. ಮಗುಚಿದ ತ್ರಿಭುಜ ಅದೇ ಗುರುತಿನೊಳಗೆ ಕೂದಲೆಳೆ ಆಚೀಚೆಯಾಗದೆ ಕೂತಿತು. ಬ ಇದ್ದ ಮೂಲೆಗೆ ಕ ಬಂದಿತ್ತು, ಕ ಇದ್ದಲ್ಲಿಗೆ ಬ. ಎರಡು ಬದಿ ಸಮ ಇರುವುದರಿಂದಲೇ ಅದು ಮಗುಚಿದರೂ ಕೂರುತ್ತದೆ. ಮಗುಚಿದರೂ ಕೂರುವುದರಿಂದ ಆ ಎರಡು ಮೂಲೆ ಸಮ. ಗೆರೆ ಬೇಡ. ಏನೂ ಬೇಡ. ಪುಸ್ತಕ ಬರೆದವರು ಸುಮ್ಮನೆ ಒಂದು ಗೆರೆ ಎಳೆದು ಸುತ್ತಿ ಬಳಸಿ ಬಂದಿದ್ದರು. ಕೊನೆ ಬೆಂಚಿನ ಈ ಸಣಕಲ ನೇರ ಬಾಗಿಲಿನಿಂದ ಒಳಗೆ ಹೋಗಿದ್ದ.

ಎರಡು ವರ್ಷ ಓದಿದ್ದರಲ್ಲಿ ಅವಳು ಬಾಯಿಪಾಠ ಮಾಡಿಕೊಂಡದ್ದು ಬಹಳ, ಅರ್ಥವಾದದ್ದೂ ಅಷ್ಟಿಷ್ಟು. ಆದರೆ ಯಾರೂ ಹೇಳಿಕೊಡದೆ, ತಾನೇ ಕೈಯಾರೆ ಮಗುಚಿ, ಇದು ನಿಜ ಎಂದು ಹೀಗೆ ಗೊತ್ತಾದದ್ದು ಇದೇ ಮೊದಲು. ಯಾರಿಗಾದರೂ ಕೂಗಿ ಹೇಳಬೇಕೆನಿಸಿತು. ಅತ್ತೆ ಕಾಳಿನ ಸಿಪ್ಪೆ ಊದುತ್ತಿದ್ದರು.

ಆಮೇಲೆ ಖುಷಿಯ ಹಿಂದೆಯೇ ಭಯ ಬಂತು. ಹೇಳದೆ ಇರುವ ದಾರಿಗಳನ್ನು ಅವಳು ಯೋಚಿಸಿ ನೋಡಿದಳು. ಸೂಜಿಯ ಸಾಲಿನಲ್ಲಿ ಅವರು ಹೇಳಿದ್ದನ್ನು ಬರೆಯದೆ ಬೇರೇನಾದರೂ ಒಳ್ಳೆಯ ಮಾತು ಬರೆದುಬಿಡಬಹುದು, ಅವರ ಕಣ್ಣಿಗೆ ಕಾಣುವುದಿಲ್ಲ. ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಕಾಣದವರ ಕೈಹಿಡಿದು ನಡೆಸುವವಳು ಹಳ್ಳಕ್ಕೆ ಹಾದಿ ತೋರಿಸಬಾರದು. ಹಾಗಿದ್ದರೆ ನಿಜ ಹೇಳಬೇಕು. ನಿಜ ಹೇಳಿದರೆ ಮೇಷ್ಟರು ಏನು ಮಾಡುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು. ಅವರು ಬೈಯುವವರಲ್ಲ. ಮತ್ತೆಂದೂ ಅವಳ ಕೈಗೆ ಪತ್ರಿಕೆ ಕೊಡುವುದಿಲ್ಲ, ಅಷ್ಟೇ.

ಅಷ್ಟೇ ಎಂದುಕೊಂಡಳು, ಆದರೆ ಅದು ಅಷ್ಟೇ ಆಗಿರಲಿಲ್ಲ. ದಿನವಿಡೀ ಪಾತ್ರೆ, ಬಟ್ಟೆ, ಅತ್ತೆಯ ಕಾಲಿಗೆ ಎಣ್ಣೆ. ಸಂಜೆ ಐದಕ್ಕೆ ಆ ಮೇಜಿನ ಮುಂದೆ ಕೂತು ಮೊದಲ ಪತ್ರಿಕೆ ಬಿಡಿಸುವಾಗ ಮಾತ್ರ ತಾನು ಎಲ್ಲಿಗೋ ಹೊರಟಿದ್ದೇನೆ ಎನ್ನಿಸುತ್ತಿತ್ತು. ನಲವತ್ತೊಂದು ಹುಡುಗರು ವರ್ಷದಿಂದ ವರ್ಷಕ್ಕೆ ಮುಂದಿನ ತರಗತಿಗೆ ಹೋಗುತ್ತಿದ್ದರು. ಅವರ ಬೆನ್ನಿಗೆ ಯಾರಿಗೂ ಕಾಣದ ಹಾಗೆ ಅವಳೂ ಹೋಗುತ್ತಿದ್ದಳು. ಅವರ ಪ್ರಗತಿಗೆ ಪತ್ರವಿತ್ತು, ಅವಳದಕ್ಕೆ ಇರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ. ಆ ಕುರ್ಚಿ ಇದ್ದರೆ ಸಾಕಿತ್ತು.

ಹನ್ನೊಂದರ ಗಂಟೆ ಹೊಡೆಯಿತು. ಅವಳು ಸೂಜಿಯ ಪತ್ರಿಕೆಯನ್ನು ಮೇಲಿಟ್ಟುಕೊಂಡು ನಿಂತಳು.

ಮೇಷ್ಟರು ಒಳಗೆ ಬಂದು ಕೋಟು ಬಿಚ್ಚುವ ಮೊದಲೇ ಹೇಳಿದಳು. "ನಕಲು ಮಾಡಿದ್ದು ಸೂಜಿ ಅಲ್ಲ. ನಾನು."

"ನೀನಾ? ನೀನ್ಯಾವಾಗ ಪರೀಕ್ಷೆಗೆ ಕೂತೆ?" ಎಂದು ನಗಲು ಹೋದವರು ಅವಳ ದನಿ ಕೇಳಿ ನಿಲ್ಲಿಸಿದರು. ಅವಳು ಎಲ್ಲವನ್ನೂ ಹೇಳಿದಳು. ಹಾಲು, ಔಷಧಿ, ತಾನೇ ಓಡಿದ ನಾಲಿಗೆ. ಕಪ್ಪೆಯದನ್ನು ಇದ್ದ ಹಾಗೆ ಓದಿದಳು, ಅವಸರದವನದನ್ನು ಓದಿದಳು. ಆಮೇಲೆ ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟುಕೊಂಡು ಸೂಜಿಯದನ್ನು ಓದಿದಳು. "ಗೆರೆ ಬೇಡ" ಎಂಬಲ್ಲಿಂದ "ಸಮ" ಎಂಬಲ್ಲಿಯವರೆಗೆ.

ಮೇಷ್ಟರು ಒಂದು ತೋಳು ಕೋಟಿನೊಳಗೆ, ಒಂದು ಹೊರಗೆ, ಹಾಗೇ ನಿಂತಿದ್ದರು.

"ಇನ್ನೊಂದು ಸಲ ಓದು."

ಓದಿದಳು.

"ಅಬಕ, ಅಕಬ" ಎಂದರು ತಮ್ಮಷ್ಟಕ್ಕೆ. ಗಾಳಿಯಲ್ಲಿ ಬೆರಳಿನಿಂದ ಬರೆದರು. "ಅಕಬ... ಅಲ್ಲ ಕಣೇ... ಅಯ್ಯೋ!" ಅವರ ಮುಖ ಹುಡುಗನ ಮುಖದಂತಾಯಿತು. "ಇಪ್ಪತ್ತು ವರ್ಷ ಇದನ್ನ ಪಾಠ ಮಾಡಿದೀನಿ. ಇಪ್ಪತ್ತು ವರ್ಷ ಆ ಗೆರೆ ಎಳೆದಿದೀನಿ. ನನಗೆ ಒಂದು ದಿನ ಹೊಳೀಲಿಲ್ಲವಲ್ಲ!" ಆಮೇಲೆ ಅದೇ ಉಸಿರಿನಲ್ಲಿ, "ನಾನು ಇವನನ್ನ ಕಳ್ಳ ಅಂತಿದ್ದೆ. ನಾಲ್ಕು ದಿನ ಅವನ ಮುಖ ಸಹ ನೋಡಿರಲಿಲ್ಲ" ಎಂದು ಕುರ್ಚಿಯಲ್ಲಿ ಕುಸಿದು ಕೂತರು.

"ತಪ್ಪು ನಂದು" ಎಂದಳು.

"ಅಂಕ ಹಾಕಿದವನು ನಾನು. ಕೊನೆ ಬೆಂಚಿನವನು ಅಂತ ತೀರ್ಮಾನ ಮಾಡಿದವನೂ ನಾನು."

ಸೂಜಿ ಇನ್ನೂ ಮೈದಾನದಲ್ಲೇ ಇದ್ದ. ಮೇಷ್ಟರು ಬಾಗಿಲಲ್ಲಿ ನಿಂತು ಕೂಗಿದರು. ಅವನು ಬಂದು ಹೊಸಿಲಾಚೆಯೇ ನಿಂತ, ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆಯುತ್ತ.

"ಒಳಗೆ ಬಾರೋ. ಈ ತ್ರಿಭುಜಾನ ಎರಡು ಸಲ ಯಾಕೋ ಬರೆದೆ?"

ಹುಡುಗನಿಗೆ ಬೈಗುಳ ಕಾದಿದೆ ಎನ್ನಿಸಿರಬೇಕು. "ತಪ್ಪಾಯ್ತು ಸಾರ್."

"ತಪ್ಪೋ ಸರಿಯೋ ಆಮೇಲೆ. ನಾನು ದಡ್ಡ. ನನಗೆ ತಿಳಿಯೋ ಹಾಗೆ ಹೇಳು."

ಆ ಮಾತು ಕೇಳಿದ್ದೇ ಹುಡುಗ ಸಡಿಲಾದ. "ನಮ್ಮಪ್ಪ ಅಂಗಿ ತೋಳು ಕತ್ತರಿಸ್ತಾರಲ್ಲ ಸಾರ್, ಎಡಗೈದು, ಬಲಗೈದು ಅಂತ ಬೇರೆ ಬೇರೆ ಅಳತೆ ಕಾಗದ ಇಟ್ಕೊಳ್ಳಲ್ಲ. ಒಂದೇ ಕಾಗದ. ಎಡಕ್ಕೆ ಇಟ್ಟು ಕತ್ತರಿಸ್ತಾರೆ, ಅದನ್ನೇ ಮಗುಚಿ ಬಲಕ್ಕೆ ಇಡ್ತಾರೆ. ಕಾಲರಿನ ತುಂಡು ಮಾತ್ರ ಮಗುಚಿದ್ರೂ ಹಾಗೇ ಇರುತ್ತೆ. ಯಾಕಪ್ಪಾ ಅಂದ್ರೆ, ಎರಡು ಕಡೆ ಸಮ ಇರೋದಕ್ಕೆ ಎಡ ಬಲ ಇಲ್ಲ ಕಣೋ ಅಂದ್ರು. ಪರೀಕ್ಷೇಲಿ ಪುಸ್ತಕದ್ದು ಮರೆತುಹೋಯ್ತು ಸಾರ್. ಕಾಲರು ನೆನಪಿತ್ತು."

"ಪುಸ್ತಕದ್ದು ಮರೆತುಹೋಯ್ತಂತೆ" ಎಂದರು ಮೇಷ್ಟರು, ಅವಳ ಕಡೆ ತಿರುಗಿ. ಅವರ ಕಣ್ಣು ತುಂಬಿತ್ತು. "ಹೋಗೋ. ನಿಮ್ಮಪ್ಪನಿಗೆ ಹೇಳು, ಮೇಷ್ಟ್ರು ಕೈ ಮುಗಿದರು ಅಂತ."

ಹುಡುಗ ಏನೂ ಅರ್ಥವಾಗದೆ ಅವಳ ಮುಖ ನೋಡಿದ. ಅತ್ತೆ ಒಂದು ಹಿಡಿ ಹಸಿ ಕಾಳು ಅವನ ಜೇಬಿಗೆ ಸುರಿದು, "ಹೋಗು, ದೊಡ್ಡ ಮನುಷ್ಯ" ಎಂದರು.

ಆಮೇಲೆ ಕೆಲಸ ಶುರುವಾಯಿತು. ನಲವತ್ತೊಂದು ಪತ್ರಿಕೆಗಳ ಪ್ರಮೇಯವನ್ನೂ ಅವಳು ಮತ್ತೆ ಓದಿದಳು. ಕಾಗುಣಿತ ತಪ್ಪಿದ್ದರೆ ತಪ್ಪನ್ನೇ ಓದಿದಳು, ಅರ್ಧಕ್ಕೆ ನಿಂತ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿದಳು. ನಾಲಿಗೆ ಮುಂದಕ್ಕೆ ಓಡಲು ಹೊರಟಾಗ ಬೆರಳು ಅದನ್ನು ಹಿಡಿದು ಎಳೆಯಿತು. ಕಪ್ಪೆಗೆ ಎರಡು ಅಂಕ ಹೋಯಿತು. ಇನ್ನು ಮೂವರಿಗೆ ಒಂದೊಂದು ಹೋಯಿತು. ಒಬ್ಬನಿಗೆ ಒಂದು ಬಂತು. ಅವನು ಬರೆದ ಕಾರಣವೊಂದನ್ನು ಅವಳು ಪುಸ್ತಕದಲ್ಲಿ ಇಲ್ಲವೆಂದು ಹಾರಿಸಿಬಿಟ್ಟಿದ್ದಳು. ಪಾಸಾದವರು ಮೂವತ್ತಾರೇ ಉಳಿದರು. ಆ ಲೆಕ್ಕ ಬಂದಾಗ ಇಬ್ಬರೂ ಒಟ್ಟಿಗೆ ಉಸಿರುಬಿಟ್ಟರು. ಹುಡುಗರು ಕಲಿತದ್ದು ನಿಜವಾಗಿಯೂ ಕಲಿತದ್ದೇ, ಅವಳ ಬಾಯಿಯ ದಾನವಲ್ಲ.

ಹಳೆಯ ಹಾಳೆ ಒಲೆಗೆ ಹೋಯಿತು. ಹೊಸ ಹಾಳೆಯಲ್ಲಿ ಅವಳು ಮೊದಲ ಹುಡುಗನಿಂದ ಬರೆಯುತ್ತ ಬಂದಳು. ಅತ್ತೆ ಕೆಮ್ಮು ಬಂದಾಗ ಎದ್ದು ಹಿತ್ತಿಲಿಗೆ ಹೋಗಿ ಕೆಮ್ಮಿ ಬಂದರು. ಯಾರೂ ಹಾಗೆ ಮಾಡಿ ಎಂದಿರಲಿಲ್ಲ. ಇಪ್ಪತ್ತೈದನೆಯ ಸಾಲಿನಲ್ಲಿ ಮೇಷ್ಟರು ಸ್ವಲ್ಪ ಯೋಚಿಸಿ ಹೇಳಿದರು: "ಬರಿ. ಮೇಷ್ಟರಿಗೆ ತಿಳಿಯದಿದ್ದ ಒಂದು ದಾರಿಯನ್ನು ಈ ಹುಡುಗ ತಾನೇ ಕಂಡುಕೊಂಡಿದ್ದಾನೆ. ಇವನನ್ನು ಮೊದಲ ಬೆಂಚಿಗೆ ಕೂರಿಸಲಾಗಿದೆ."

ಮೂರೂವರೆಗೆ ಕೊನೆಯ ಸಾಲು ಒಣಗಿತು. ಮೇಷ್ಟರು ಹಾಳೆಯನ್ನು ಸುರುಳಿ ಸುತ್ತುತ್ತ, ಅವಳ ಕಡೆ ನೋಡದೆ ಹೇಳಿದರು.

"ಸೋಮವಾರದಿಂದ ಹುಡುಗರೇ ತಂತಮ್ಮ ಪತ್ರಿಕೆ ತರಗತೀಲಿ ನಿಂತು ಓದ್ತಾರೆ. ನಾನು ಅಲ್ಲೇ ಕೇಳಿ ಅಂಕ ಹಾಕ್ತೀನಿ. ಕಣ್ಣಿನ ವಿಷಯ ಹೆಡ್‌ಮಾಸ್ಟರಿಗೂ ಇವತ್ತೇ ಹೇಳಿಬಿಡ್ತೀನಿ. ಏನಾದ್ರೂ ಆಗಲಿ. ಒಬ್ಬ ಹುಡುಗನ ಹೆಸರು ಹೋಗ್ತಿತ್ತಲ್ಲ ಇವತ್ತು."

"ಹೂಂ."

"ನಿನಗೂ ಒಂದು ಕೆಲಸ ಕಡಿಮೆ ಆಯ್ತು. ಎಷ್ಟು ದಿನ ಅಂತ ನನ್ನ ಗಾಣಕ್ಕೆ ನಿನ್ನ ಕಟ್ಟೋದು?" ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ಅದು ಅವಳಿಗೂ ಗೊತ್ತಾಯಿತು. ಅವಳು ಮಸಿ ಕುಡಿಕೆಗೆ ಮುಚ್ಚಳ ಹಾಕಿದಳು. ಹೊರಡುವ ಮೊದಲು ಅವರು ಮೇಜಿನ ಮೇಲಿದ್ದ ಕಾಗದದ ತ್ರಿಭುಜವನ್ನು ಬೆರಳಿನಿಂದ ತಡವಿ ಗುರುತು ಹಿಡಿದರು. "ಇದೇನು, ಸೂಜಿ ಇಟ್ಟು ಹೋದನಾ? ನೋಡು, ನಿನಗೆ ತಿಳಿಯೋ ಹಾಗೆ ಹೇಳ್ತೀನಿ" ಎಂದು ಅದನ್ನು ಮಗುಚಿ ತೋರಿಸಿದರು. ನಿಧಾನವಾಗಿ, ಒಂದೊಂದು ಮೂಲೆಯನ್ನೂ ಮುಟ್ಟಿ, ಸಂತೋಷದಿಂದ ವಿವರಿಸಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಬಹಳ ಚೆನ್ನಾಗಿ ಹೇಳಿಕೊಡುತ್ತಾರೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಳು.

"ಸೋಮವಾರ ಇದರ ವಿಲೋಮ" ಎಂದರು ಚಪ್ಪಲಿ ಮೆಟ್ಟುತ್ತ. "ಬದಿಗಳು ಸಮ ಅಂತ ಗೊತ್ತಿಲ್ಲ, ಕೋನ ಎರಡು ಸಮ ಅಂತ ಮಾತ್ರ ಗೊತ್ತು. ಆಗ ಬದಿಗಳು ಸಮ ಅಂತ ತೋರಿಸ್ಬೇಕು. ಪುಸ್ತಕದಲ್ಲಿ ಅದಕ್ಕೆ ಇನ್ನೂ ದೊಡ್ಡ ರಾಮಾಯಣ ಇದೆ. ನೋಡೋಣ, ಹುಡುಗರು ಏನು ಮಾಡ್ತಾರೋ."

ಅವರು ಮೈದಾನ ದಾಟಿ ಹೋಗುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ನೆಟ್ಟಗೆ ನಡೆಯುತ್ತಿದ್ದರು, ಹಾಳೆಯನ್ನು ಮಗುವಿನ ಹಾಗೆ ಎದೆಗೆ ಹಿಡಿದು. ಒಳಗೆ ಬಂದು ಕುರ್ಚಿಯನ್ನು ಮೇಜಿನ ಕೆಳಕ್ಕೆ ತಳ್ಳಿದಳು. ಕೈಗೆ ಸಿಕ್ಕ ಲೋಟ ತಟ್ಟೆ ಎತ್ತಿಟ್ಟಳು.

ಎರಡು ಕೋನ ಸಮ. ಬದಿ ಗೊತ್ತಿಲ್ಲ. ಮಗುಚಿದರೆ?

ತಳದ ಗೆರೆ ಮಗುಚಿದರೂ ತನ್ನಷ್ಟೇ ಉದ್ದ, ಅದು ತನ್ನ ಮೇಲೆ ತಾನೇ ಕೂರುತ್ತದೆ. ಅಲ್ಲಿಯವರೆಗೆ ಅವಳಿಗೆ ಕಂಡಿತು. ಅಲ್ಲಿಂದ ಮುಂದೆ ಮಂಜಾಗಿತ್ತು, ಆದರೆ ಮಂಜಿನೊಳಗೆ ದಾರಿ ಇದೆ ಎಂದು ಕಾಲಿಗೆ ಗೊತ್ತಾಗುವಂತಿತ್ತು.

"ಏನು, ನಿಂತುಬಿಟ್ಟೆ?" ಎಂದರು ಅತ್ತೆ.

"ಏನಿಲ್ಲ ಅತ್ತೆ."

ಸೋಮವಾರ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು, ಹುಡುಗರು ಯಾರೂ ಹಲಗೆಯ ಮುಂದೆ ನಿಲ್ಲುವ ಮೊದಲು, ಇದನ್ನು ತಾನು ಬಿಡಿಸಿರಬೇಕು ಎಂದು ಅವಳು ನಿಶ್ಚಯಿಸಿಕೊಂಡಳು. ಅದಾದ ಮೇಲೆ ಅದರ ಮುಂದಿನದನ್ನು, ಆಮೇಲೆ ಅದರ ಮುಂದಿನದನ್ನು. ಅತ್ತೆಯ ಎಣ್ಣೆ ಬಟ್ಟಲು ಬಿಸಿಲಿನಲ್ಲಿತ್ತು. ಅದನ್ನು ತೆಗೆದುಕೊಂಡು ಬಂದು, ಅವರ ಕಾಲ ಬಳಿ ಕೂತು, ಮೊಣಕಾಲಿನಿಂದ ಕೆಳಕ್ಕೆ ತಿಕ್ಕತೊಡಗಿದಳು.